ಅತಿಮಾನವನ ಸಂಬಳ

ಸೂಪರ್‌ಮ್ಯಾನನ ಕಥೆ 2025ರ ಜುಲೈ ತಿಂಗಳಲ್ಲಿ ಇನ್ನೊಮ್ಮೆ ತೆರೆಗೆ ಬಂದಿತು. ಜೇಮ್ಸ್ ಗನ್ ಎಂಬವರ ನಿರ್ದೇಶನ, ಅಷ್ಟೇನೂ ಹೆಸರಾಗದಿದ್ದ ಡೇವಿಡ್ ಕೊರೆನ್‌ಸ್ವೆಟ್ ಎಂಬ ತರುಣನಿಗೆ ನಾಯಕನ ವೇಷ, ವೆಚ್ಚ 22.5 ಕೋಟಿ ಡಾಲರು. ನಮ್ಮ ಶಾಲೆಯ ಏಳನೆಯ ತರಗತಿಯ ಹುಡುಗರಲ್ಲಿ ಇಬ್ಬರು ಮಂಗಳೂರಿಗೆ ಹೋಗಿ ಅದನ್ನು ನೋಡಿ ಬಂದಿದ್ದರು. ನೋಡದವರು ಆ ಇಬ್ಬರಿಗಿಂತ ಹೆಚ್ಚು ಮಾತನಾಡಿದರು. ಅವರ ವಾಗ್ವಾದದಲ್ಲಿ ಇದ್ದುದು ಎರಡೇ ಪ್ರಶ್ನೆಗಳು. ಈತ ಆ ಪಾತ್ರಕ್ಕೆ ತಕ್ಕವನೇ ಎಂಬುದು ಒಂದು. ಎಷ್ಟು ಕೋಟಿ ಸುರಿದರು, ಎಷ್ಟು ಕೋಟಿ ಬಾಚಿದರು ಎಂಬುದು ಮತ್ತೊಂದು. ಹದಿನೇಳರ ಮಗ್ಗಿಯನ್ನು ಒಪ್ಪಿಸಲು ತಡವರಿಸುವ ಹುಡುಗನೊಬ್ಬ ಯಾವ ಚಿತ್ರದ ಗಳಿಕೆ ಎಷ್ಟೆಂಬುದನ್ನು ನಿರರ್ಗಳವಾಗಿ ಹೇಳಿದ್ದನ್ನು ಕೇಳಿ ನಗುವುದೋ ಅಳುವುದೋ ತಿಳಿಯದಾಯಿತು.

ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುವುದು ವಾಡಿಕೆ. ಒಂದು ಕಲೆಗೆ ಸೇರಿದ್ದು, ಇನ್ನೊಂದು ವ್ಯಾಪಾರಕ್ಕೆ ಸೇರಿದ್ದು ಎಂದು ನಾವು ಭಾವಿಸಿರುತ್ತೇವೆ. ಆದರೆ ಅತಿಮಾನವರ ಚಿತ್ರಗಳ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದರೆ ಅವು ಒಂದಕ್ಕೊಂದು ಹೆಣೆದುಕೊಂಡಿರುವುದು ಕಾಣುತ್ತದೆ. ಹಣ ಹಾಕುವವನ ನಂಬಿಕೆಯನ್ನು ಗಳಿಸಲು ಒಬ್ಬ ನಟ ಬೇಕಾಗುತ್ತದೆ. ಚಿತ್ರ ನೋಡುವವನ ನಂಬಿಕೆಯನ್ನು ಗಳಿಸಲು ಇನ್ನೊಬ್ಬನು ಬೇಕಾಗುತ್ತದೆ. ಈ ಇಬ್ಬರೂ ಒಬ್ಬನೇ ಆಗಿರುವ ಸಂದರ್ಭ ಅಪೂರ್ವ. ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಈ ಸಂತತಿಗೆಲ್ಲ ಹಿರಿಯಣ್ಣನಾದ 1978ರ 'ಸೂಪರ್‌ಮ್ಯಾನ್' ಚಿತ್ರ.

ಅದರ ನಿರ್ಮಾಪಕರು ಅಲೆಕ್ಸಾಂಡರ್ ಸಾಲ್ಕಿಂಡ್ ಮತ್ತು ಆತನ ಮಗ ಇಲ್ಯ ಸಾಲ್ಕಿಂಡ್. ಯೂರೋಪಿನಲ್ಲಿದ್ದುಕೊಂಡು, ಹಲವು ದೇಶಗಳ ಬ್ಯಾಂಕುಗಳಿಂದಲೂ ವಿತರಕರಿಂದಲೂ ಹಣ ಕೂಡಿಸಿ ಚಿತ್ರ ತೆಗೆಯುವುದರಲ್ಲಿ ಪಳಗಿದವರು. ಇವರ ಚಾತುರ್ಯಕ್ಕೆ ಒಂದು ದೃಷ್ಟಾಂತ ಹೇಳಬೇಕು. ಮೂವರು ಮಸ್ಕೆಟಿಯರರ ಕಥೆಯನ್ನು ಒಂದೇ ಚಿತ್ರವೆಂದು ನಟರು ನಂಬಿದ್ದಂತೆ ಚಿತ್ರೀಕರಿಸಿ, 1973ರಲ್ಲಿ ಅರ್ಧವನ್ನೂ 1974ರಲ್ಲಿ ಉಳಿದ ಅರ್ಧವನ್ನೂ ಎರಡು ಚಿತ್ರಗಳಾಗಿ ಹೊರತಂದರು. ಒಂದು ಚಿತ್ರದ ಸಂಬಳಕ್ಕೆ ಎರಡು ಚಿತ್ರಗಳ ದುಡಿಮೆ! ನಟರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಒಂದು ಕರಾರಿನಿಂದ ಎಷ್ಟು ಚಿತ್ರಗಳಾಗುವುವೆಂಬುದನ್ನು ಮೊದಲೇ ನಮೂದಿಸತಕ್ಕದ್ದು ಎಂಬ ಷರತ್ತು ಆ ಬಳಿಕ ಅಮೆರಿಕದ ನಟರ ಕರಾರುಪತ್ರಗಳಲ್ಲಿ ಸೇರಿಕೊಂಡಿತು. ಅದಕ್ಕೆ 'ಸಾಲ್ಕಿಂಡ್ ಷರತ್ತು' ಎಂದೇ ಹೆಸರು. ಹೀಗೂ ಒಬ್ಬನ ಹೆಸರು ಚಿರಸ್ಥಾಯಿಯಾಗಬಹುದು.

ಸೂಪರ್‌ಮ್ಯಾನನ ಹಕ್ಕು ಇವರ ಕೈಗೆ ಬಂದದ್ದು 1974ರಲ್ಲಿ. ಹಕ್ಕು ಬಂತು, ಹಣ ಬರಬೇಕಷ್ಟೆ. ಮಕ್ಕಳು ಓದುವ ಚಿತ್ರಪುಸ್ತಕದ, ಉಡುಪಿನ ಮೇಲೆ ಚಡ್ಡಿ ತೊಟ್ಟ ನಾಯಕನನ್ನು ನಂಬಿ ಕೋಟಿಗಟ್ಟಲೆ ಡಾಲರು ಕೊಡುವ ಬ್ಯಾಂಕು ಯಾವುದು? ಆಗ ಅವರು ಕಂಡುಕೊಂಡ ಉಪಾಯವೆಂದರೆ ದೊಡ್ಡ ಹೆಸರುಗಳನ್ನು ಕೊಳ್ಳುವುದು. ಕಥೆ ಬರೆಯಲು 'ಗಾಡ್‌ಫಾದರ್' ಕಾದಂಬರಿಯ ಕರ್ತೃ ಮಾರಿಯೊ ಪೂಜೊ. ಖಳನ ಪಾತ್ರಕ್ಕೆ 20 ಲಕ್ಷ ಡಾಲರಿಗೆ ಜೀನ್ ಹ್ಯಾಕ್‌ಮನ್. ಸೂಪರ್‌ಮ್ಯಾನನ ತಂದೆಯಾದ ಜಾರ್-ಎಲ್‌ನ ಪಾತ್ರಕ್ಕೆ ಮಾರ್ಲನ್ ಬ್ರಾಂಡೊ. ಕಥೆಯ ಆರಂಭದಲ್ಲಿಯೇ, ತನ್ನ ಲೋಕದೊಂದಿಗೆ ನಾಶವಾಗಿ ಹೋಗುವ ಪಾತ್ರ ಅದು. ಇದಕ್ಕೆ ಬ್ರಾಂಡೊ ಪಡೆದುದು 37 ಲಕ್ಷ ಡಾಲರು, ಅದರ ಮೇಲೆ ವಸೂಲಿಯಲ್ಲಿ ಶೇಕಡಾ ಹನ್ನೊಂದಕ್ಕೂ ಮಿಕ್ಕ ಪಾಲು. ದುಡಿದದ್ದು ಎರಡು ವಾರಗಳ ಆಸುಪಾಸು. ತೆರೆಯ ಮೇಲೆ ಕಾಣಿಸಿಕೊಂಡದ್ದು ಇಪ್ಪತ್ತು ನಿಮಿಷಕ್ಕೂ ಕಡಮೆ. ಮಾತುಗಳನ್ನು ಬಾಯಿಪಾಠ ಮಾಡುವ ಪದ್ಧತಿಯೂ ಆತನಿಗಿರಲಿಲ್ಲ. ಕ್ಯಾಮರಾಕ್ಕೆ ಕಾಣದಂತೆ ಬರೆದಿರಿಸಿದ ಚೀಟಿಗಳನ್ನು ನೋಡಿ ಹೇಳುತ್ತಿದ್ದ. ಪರೀಕ್ಷಾ ಕೊಠಡಿಯಲ್ಲಿ ನಾವು ಇದನ್ನು ಬೇರೆ ಹೆಸರಿನಿಂದ ಕರೆಯುತ್ತೇವೆ.

ಆದರೆ ಆ ಹೆಸರು ತನ್ನ ಕೆಲಸ ಮಾಡಿತು. ಬ್ರಾಂಡೊ ಒಪ್ಪಿದನೆಂಬ ಸುದ್ದಿ ಹರಡಿದ ಮೇಲೆ ಹಣದ ಬಾಗಿಲುಗಳು ತೆರೆದುಕೊಂಡವು. ಚಿತ್ರೀಕರಣ ಇಟಲಿಯಲ್ಲಿ ಆಗಬೇಕೆಂದು ಮೊದಲು ಗೊತ್ತಾಗಿತ್ತು. ಬ್ರಾಂಡೊನ ಹಿಂದಿನ ಚಿತ್ರವೊಂದರ ಅಶ್ಲೀಲತೆಯ ಬಗ್ಗೆ ಅಲ್ಲಿ ಮೊಕದ್ದಮೆ ಇದ್ದುದರಿಂದ ಆತ ಇಟಲಿಗೆ ಕಾಲಿಡುವಂತಿರಲಿಲ್ಲ. ಹೀಗಾಗಿ ಇಡೀ ಸಿದ್ಧತೆಯನ್ನು ಇಂಗ್ಲೆಂಡಿಗೆ ಸಾಗಿಸಿದರು. ನಿರ್ದೇಶಕನಾಗಿ ನೇಮಕಗೊಂಡಿದ್ದ ಗೈ ಹ್ಯಾಮಿಲ್ಟನ್ ತೆರಿಗೆಯ ಕಾರಣದಿಂದ ಇಂಗ್ಲೆಂಡಿನಲ್ಲಿ ವರ್ಷಕ್ಕೆ ಕೆಲವೇ ದಿನ ಇರಬಹುದಾಗಿತ್ತು. ಆದುದರಿಂದ ಆತನನ್ನು ಬಿಟ್ಟು ರಿಚರ್ಡ್ ಡಾನರ್ ಎಂಬವನನ್ನು ಗೊತ್ತುಮಾಡಿದರು. ಇಪ್ಪತ್ತು ನಿಮಿಷದ ನಟನಿಗಾಗಿ ದೇಶ ಬದಲಾಯಿತು. ದೇಶ ಬದಲಾದುದಕ್ಕಾಗಿ ನಿರ್ದೇಶಕ ಬದಲಾದ.

ಇಷ್ಟೆಲ್ಲ ನಡೆದಾಗಲೂ ಸೂಪರ್‌ಮ್ಯಾನ್ ಯಾರೆಂಬುದೇ ನಿಶ್ಚಯವಾಗಿರಲಿಲ್ಲ! ಚಪ್ಪರ ಹಾಕಿಸಿ, ವಾದ್ಯದವರಿಗೆ ಮುಂಗಡ ಕೊಟ್ಟು, ಅಡಿಗೆಯವರನ್ನೂ ಕರೆಸಿ, ಅನಂತರ ವರನನ್ನು ಹುಡುಕಲು ಹೊರಟಂತಾಯಿತು. ರಾಬರ್ಟ್ ರೆಡ್‌ಫರ್ಡ್, ಬರ್ಟ್ ರೆನಾಲ್ಡ್ಸ್ ಮೊದಲಾದ ಪ್ರಖ್ಯಾತರ ಹೆಸರುಗಳು ಬಂದು ಹೋದವು. ಡಾನರನ ವಾದ ಬೇರೆಯೇ ಇತ್ತು. ಪ್ರಸಿದ್ಧ ನಟನೊಬ್ಬ ಆ ಉಡುಪು ತೊಟ್ಟು ಹಾರಿದರೆ ಜನ ಆ ನಟನು ಹಾರುವುದನ್ನು ನೋಡುತ್ತಾರೆಯೇ ಹೊರತು ಸೂಪರ್‌ಮ್ಯಾನನನ್ನು ಅಲ್ಲ. ಹೊಸ ಮುಖವೇ ಬೇಕು. ಪಾತ್ರಧಾರಿಗಳನ್ನು ಆರಿಸಿ ಕೊಡುವ ಲಿನ್ ಸ್ಟಾಲ್‌ಮಾಸ್ಟರ್ ಎಂಬವನು ಕ್ರಿಸ್ಟಫರ್ ರೀವ್ ಎಂಬ ರಂಗಭೂಮಿಯ ಹುಡುಗನೊಬ್ಬನ ಭಾವಚಿತ್ರವನ್ನು ಮತ್ತೆ ಮತ್ತೆ ಮುಂದಿಟ್ಟ. ಅದು ಮತ್ತೆ ಮತ್ತೆ ಬದಿಗೆ ಸರಿಯಿತು. ಕೊನೆಗೆ ಪರೀಕ್ಷೆಗೆ ಕರೆಸಿದರು. ವಯಸ್ಸು 24, ಆರಡಿ ನಾಲ್ಕಂಗುಲ ಎತ್ತರ, ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಓದಿ ಜೂಲಿಯಾರ್ಡ್ ಕಲಾಶಾಲೆಯಲ್ಲಿ ಅಭಿನಯ ಕಲಿತವನು, ಆದರೆ ಕಡ್ಡಿಯಂಥ ಮೈ. ಉಡುಪಿನೊಳಗೆ ಕೃತಕ ಮಾಂಸಖಂಡಗಳನ್ನು ತುಂಬಿಕೊಳ್ಳಲು ಆತ ಒಪ್ಪಲಿಲ್ಲ. ಡೇವಿಡ್ ಪ್ರೌಸ್ ಎಂಬ ಇಂಗ್ಲಿಷ್ ಭಾರ ಎತ್ತುಗಾರನ ಕೈಕೆಳಗೆ ವ್ಯಾಯಾಮ ಮಾಡಿ ಮೈ ಬೆಳೆಸಿಕೊಂಡ. 'ಸ್ಟಾರ್ ವಾರ್ಸ್' ಚಿತ್ರದಲ್ಲಿ ಕಪ್ಪು ಮುಖವಾಡ ಧರಿಸಿದ ಡಾರ್ತ್ ವೇಡರನ ದೇಹ ಇದೇ ಪ್ರೌಸನದು ಎಂಬುದನ್ನು ಮಕ್ಕಳಿಗೆ ಹೇಳಿದರೆ ಖುಷಿಪಟ್ಟಾರು.

ರೀವನಿಗೆ ಗೊತ್ತಾದ ಸಂಬಳ ಎರಡು ಚಿತ್ರಗಳಿಗೆ ಸೇರಿ 2.5 ಲಕ್ಷ ಡಾಲರು. ಏಕೆಂದರೆ ಸಾಲ್ಕಿಂಡರು ಹಳೆಯ ಅಭ್ಯಾಸದಂತೆ ಮೊದಲನೆಯ ಮತ್ತು ಎರಡನೆಯ ಭಾಗಗಳನ್ನು ಒಟ್ಟಿಗೇ ಚಿತ್ರಿಸುತ್ತಿದ್ದರು. ಈ ಸಲ ಕರಾರಿನಲ್ಲಿ ಬರೆದು, ಅಷ್ಟೆ. ವಸೂಲಿಯ ಪಾಲನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಅದು ಬ್ರಾಂಡೊ ಪಡೆದುದರ ಸುಮಾರು ಹದಿನೈದನೆಯ ಒಂದು ಭಾಗ. 1977ರ ಮಾರ್ಚಿನಲ್ಲಿ ತೊಡಗಿದ ಚಿತ್ರೀಕರಣ 1978ರ ಅಕ್ಟೋಬರದವರೆಗೆ ಎಳೆಯಿತು. ಆ ತಿಂಗಳುಗಳಲ್ಲಿ ಸರಿಗೆಗಳಿಗೆ ತೂಗುಬಿದ್ದು, ಕ್ರೇನುಗಳಿಂದ ಇಳಿಬಿದ್ದು, ಪರದೆಯ ಮುಂದೆ ಗಂಟೆಗಟ್ಟಲೆ ಅಂಗಾತ ಬೋರಲು ಆಗಿ ಬೆವರು ಸುರಿಸಿದವನು ರೀವ್. ಹೆಸರುಗಳ ಪಟ್ಟಿಯಲ್ಲಿ ಆತನಿಗೆ ಮೂರನೆಯ ಸ್ಥಾನ: ಬ್ರಾಂಡೊ, ಹ್ಯಾಕ್‌ಮನ್, ಅನಂತರ ಸೂಪರ್‌ಮ್ಯಾನ್.

ಒಟ್ಟು ವೆಚ್ಚ 5.5 ಕೋಟಿ ಡಾಲರಿಗೆ ಏರಿತು. ಅಲ್ಲಿಯವರೆಗಿನ ಚಿತ್ರಗಳಲ್ಲೆಲ್ಲ ಅತ್ಯಂತ ದುಬಾರಿಯೆಂದು ಅದಕ್ಕೆ ಹೆಸರಾಯಿತು. ಆಗ ಡಾಲರಿಗೆ ಎಂಟು ರೂಪಾಯಿಯ ಆಸುಪಾಸು. ನಮ್ಮ ಲೆಕ್ಕದಲ್ಲಿ ಸುಮಾರು 45 ಕೋಟಿ. ಮೂರು ವರ್ಷ ಮೊದಲು ನಮ್ಮಲ್ಲಿ ಭಾರೀ ವೆಚ್ಚದ್ದೆಂದು ಹೊಗಳಿಸಿಕೊಂಡ 'ಶೋಲೆ'ಗೆ ತಗಲಿದ್ದು 3 ಕೋಟಿಯಷ್ಟು. ಹಣವೆಲ್ಲ ಪೋಲಾಯಿತೆಂದು ಹೇಳಲು ನಾನು ಸಿದ್ಧನಿಲ್ಲ. ಹಾರಾಟದ ದೃಶ್ಯಗಳಿಗಾಗಿ ಝೊರಾನ್ ಪೆರಿಸಿಕ್ ಎಂಬ ತಂತ್ರಜ್ಞ ರೂಪಿಸಿದ ವಿಧಾನ ಅಪೂರ್ವವಾದದ್ದು. ಮುಂದಿನಿಂದ ಪರದೆಗೆ ಆಕಾಶದ ಚಿತ್ರ ಬೀಳಿಸುವ ಯಂತ್ರದ ಮಸೂರವೂ ನಟನನ್ನು ಹಿಡಿಯುವ ಕ್ಯಾಮರಾದ ಮಸೂರವೂ ಒಟ್ಟೊಟ್ಟಿಗೆ ಹಿಗ್ಗಿ ಕುಗ್ಗುತ್ತಿದ್ದುದರಿಂದ, ಇದ್ದಲ್ಲೇ ತೂಗುತ್ತಿದ್ದ ರೀವ್ ನಮ್ಮತ್ತ ಹಾರಿ ಬಂದಂತೆ ಕಾಣುತ್ತಿದ್ದ. ಈ ತಂತ್ರಕ್ಕೆ ಆಸ್ಕರ್ ಮನ್ನಣೆಯೂ ದೊರೆಯಿತು.

ಆದರೆ ಆ ಚಿತ್ರದಲ್ಲಿ ಇಂದಿಗೂ ಅಭಿನಯದ ವಿದ್ಯಾರ್ಥಿಗಳಿಗೆ ತೋರಿಸಬಹುದಾದ ಕ್ಷಣ ಇನ್ನೊಂದಿದೆ. ಅದಕ್ಕೆ ಒಂದು ಡಾಲರೂ ಹೆಚ್ಚುವರಿಯಾಗಿ ಖರ್ಚಾದಂತಿಲ್ಲ. ಪತ್ರಕರ್ತೆ ಲೋಯಿಸ್ ಲೇನಳ ಮನೆ. ಆಕೆ ಈಗತಾನೆ ಸೂಪರ್‌ಮ್ಯಾನನೊಂದಿಗೆ ನಗರದ ಮೇಲೆಲ್ಲ ಹಾರಾಡಿ ಬಂದಿದ್ದಾಳೆ. ಬಾಗಿಲಿಗೆ ಬಂದವನು ಆಕೆಯ ಸಹೋದ್ಯೋಗಿ, ಮುಗ್ಗರಿಸುವ, ಕನ್ನಡಕದ, ಪೆಚ್ಚು ಮೋರೆಯ ಕ್ಲಾರ್ಕ್ ಕೆಂಟ್. ಆಕೆ ಒಳಗೆ ಹೋಗಿರುವಾಗ ಅವನಿಗೆ ಸತ್ಯವನ್ನು ಹೇಳಿಬಿಡೋಣವೆನಿಸುತ್ತದೆ. ಕನ್ನಡಕ ತೆಗೆಯುತ್ತಾನೆ. ಬಾಗಿದ ಹೆಗಲು ನೆಟ್ಟಗಾಗುತ್ತದೆ, ಎದೆ ಅಗಲವಾಗುತ್ತದೆ, ಧ್ವನಿ ಇಳಿದು ಗಂಭೀರವಾಗುತ್ತದೆ. ಅದೇ ಹಳೆಯ ಕೋಟಿನೊಳಗೆ ಬೇರೊಬ್ಬ ಮನುಷ್ಯ ನಿಂತಿರುತ್ತಾನೆ. ಮರುಕ್ಷಣವೇ ಧೈರ್ಯ ಸಾಲದೆ ಕನ್ನಡಕ ಮೂಗಿಗೇರುತ್ತದೆ, ಹೆಗಲು ಕುಸಿಯುತ್ತದೆ, ಕ್ಲಾರ್ಕ್ ಮರಳಿ ಬರುತ್ತಾನೆ. ಕನ್ನಡಕ ಹಾಕಿದ ಮಾತ್ರಕ್ಕೆ ಗುರುತು ಸಿಗದೆ ಹೋಗುವುದುಂಟೇ ಎಂದು ಚಿಕ್ಕ ಮಕ್ಕಳೂ ಕೇಳುವ ಆಕ್ಷೇಪಕ್ಕೆ ಆ ಹುಡುಗ ಬೆನ್ನಿನ ಮೂಳೆಯಿಂದಲೇ ಉತ್ತರ ಕೊಟ್ಟ. ಬ್ರಾಂಡೊನ 37 ಲಕ್ಷ ಡಾಲರು ಬ್ಯಾಂಕಿನವರನ್ನು ನಂಬಿಸಿತು. ನೋಡುವವರನ್ನು ನಂಬಿಸಿದ್ದು ಈ ಹೆಗಲು.

ನಮ್ಮ ಕುಂಬಳೆ ಸೀಮೆಯ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಳಮದ್ದಳೆಯಲ್ಲಿ ಕಿರೀಟವಿಲ್ಲ, ಗೆಜ್ಜೆಯಿಲ್ಲ, ಬಣ್ಣವಿಲ್ಲ. ಪಂಚೆಯುಟ್ಟು ಶಾಲು ಹೊದ್ದು ಕುಳಿತ ಅರ್ಥಧಾರಿ ಹಗಲಿನಲ್ಲಿ ಅಧ್ಯಾಪಕನೋ ವಕೀಲನೋ ಅಡಕೆಯ ಕೃಷಿಕನೋ ಆಗಿರುತ್ತಾನೆ. ಭಾಗವತರು ಪದ್ಯ ಎತ್ತಿದೊಡನೆ ಕುಳಿತಲ್ಲಿಯೇ ರಾವಣನಾಗುತ್ತಾನೆ. ಅವನ ಹತ್ತು ತಲೆಗಳಿಗೆ ಯಾರೂ ಬಂಡವಾಳ ಹಾಕಿಲ್ಲ. ಬಯಲಾಟದಲ್ಲಿ ವೇಷಕ್ಕೆ ಖರ್ಚುಂಟು, ನಿಜ. ಆದರೆ ಅಲ್ಲಿಯೂ ಬಣ್ಣದ ವೇಷ ಯಾರಿಗೆ, ಸ್ತ್ರೀವೇಷ ಯಾರಿಗೆ ಎಂಬುದನ್ನು ಶರೀರ ಶಾರೀರಗಳನ್ನು ನೋಡಿ ಗೊತ್ತುಮಾಡುವುದೇ ಕ್ರಮ. ಹರಕೆಯ ಆಟ ಆಡಿಸುವ ಮನೆಯವರು ಪ್ರಸಂಗ ಇಂಥದೇ ಆಗಲಿ ಎನ್ನಬಹುದು. ವೇಷ ಇಂಥವನಿಗೇ ಆಗಲಿ ಎನ್ನುವುದು ಸಾಮಾನ್ಯವಾಗಿ ಮರ್ಯಾದೆಯಲ್ಲ.

ಮರ್ಯಾದೆ ಮೀರಿದ ಒಂದು ಪ್ರಸಂಗ ನನ್ನ ಅನುಭವಕ್ಕೂ ಬಂದಿದೆ. ಶಾಲಾ ಕಲೋತ್ಸವದ ಯಕ್ಷಗಾನ ಸ್ಪರ್ಧೆಗೆ ಮಕ್ಕಳ ತಂಡ ಕಟ್ಟುವುದೆಂದರೆ ವೇಷಭೂಷಣದ ಬಾಡಿಗೆ, ಹಿಮ್ಮೇಳದವರ ಸಂಭಾವನೆ, ವಾಹನದ ಖರ್ಚು ಎಂದು ಹಲವು ಬಾಬತ್ತುಗಳು. ಒಂದು ವರ್ಷ ಊರ ಹಿರಿಯರೊಬ್ಬರು ಎಲ್ಲವನ್ನೂ ತಾವೇ ಭರಿಸುವುದಾಗಿ ಮುಂದೆ ಬಂದರು. ಎರಡು ದಿನ ಕಳೆದು ಬಂದು, "ಮಾಸ್ಟ್ರೇ, ಕೃಷ್ಣನ ವೇಷ ನಮ್ಮ ಮೊಮ್ಮಗನಿಗೇ ಆಗಬೇಕು, ಮನೆಯಲ್ಲಿ ಎಲ್ಲರ ಆಸೆ" ಎಂದರು. ಮೊಮ್ಮಗ ಗಣಿತದಲ್ಲಿ ಜಾಣ, ಸಾಧು ಹುಡುಗ. ಆದರೆ ಎರಡನೆಯ ಬೆಂಚಿಗೆ ಮುಟ್ಟದ ಧ್ವನಿ. ಕೃಷ್ಣನಾಗಿ ಕುಣಿಯಬಲ್ಲವನು ಬೀಡಿ ಕಟ್ಟುವ ತಾಯಿಯ ಮಗನೊಬ್ಬ ಬೇರೆಯೇ ಇದ್ದ. ನಾನು ಹಿರಿಯರಿಗೆ ಕೈಮುಗಿದು ವಿಷಯ ತಿಳಿಸಿದೆ. ದೇಣಿಗೆ ಅರ್ಧಕ್ಕೆ ಇಳಿಯಿತು. ಮಿಕ್ಕುದನ್ನು ಅಧ್ಯಾಪಕರು ಕೂಡಿ ಹಾಕಿದೆವು. ಮೊಮ್ಮಗನಿಗೆ ಅದು ದೊಡ್ಡ ಬಿಡುಗಡೆಯೇ ಆದಂತಿತ್ತು. ಕೆಲವು ಸಾವಿರ ರೂಪಾಯಿಯ ಮಾತಿನಲ್ಲಿಯೇ ಆರಿಸುವವನ ನಾಲಿಗೆ ಇಷ್ಟು ಒಣಗುವುದಾದರೆ, 5.5 ಕೋಟಿ ಡಾಲರಿನ ಎದುರಿನಲ್ಲಿ ಹೊಸ ಮುಖವೇ ಬೇಕೆಂದು ಪಟ್ಟುಹಿಡಿದ ಡಾನರನ ಎದೆಗಾರಿಕೆಯನ್ನು ಮೆಚ್ಚಬೇಕು.

ಸಂಬಳದ ಮಾತು ಬಂದಿರುವಾಗ ಇಬ್ಬರನ್ನು ಮರೆಯಲಾಗದು. ಸೂಪರ್‌ಮ್ಯಾನನನ್ನು ಕಲ್ಪಿಸಿದವರು ಜೆರಿ ಸೀಗಲ್ ಮತ್ತು ಜೋ ಶುಸ್ಟರ್; ಅಮೆರಿಕದ ಕ್ಲೀವ್‌ಲೆಂಡ್ ಪಟ್ಟಣದಲ್ಲಿ ಹೈಸ್ಕೂಲಿನಿಂದಲೂ ಗೆಳೆಯರು; ಒಬ್ಬ ಕಥೆ ಬರೆಯುವವನು, ಇನ್ನೊಬ್ಬ ಚಿತ್ರ ಬರೆಯುವವನು. ಹಲವರು ಹಿಂತಿರುಗಿಸಿದ ಆ ಕಥೆಯನ್ನು 1938ರಲ್ಲಿ ಒಂದು ಪ್ರಕಾಶನ ಸಂಸ್ಥೆ ಎಲ್ಲ ಹಕ್ಕುಗಳ ಸಮೇತ 130 ಡಾಲರಿಗೆ ಕೊಂಡಿತು. ಅನಂತರ ಕೆಲವು ವರ್ಷ ಪುಟಕ್ಕಿಷ್ಟು ಎಂದು ಅದೇ ಸಂಸ್ಥೆಗೆ ದುಡಿದು ಅವರು ಸಂಪಾದಿಸಿದ್ದೂ ಉಂಟು. ಹಕ್ಕನ್ನು ಕೇಳಿ ನ್ಯಾಯಾಲಯಕ್ಕೆ ಹೋಗಿ ಸೋತು ಹೊರಬಿದ್ದದ್ದೂ ಉಂಟು. ಬ್ರಾಂಡೊನ ಕರಾರಿನ ಸುದ್ದಿ ಹಬ್ಬಿದ 1975ರಲ್ಲಿ ಸೀಗಲ್ ಗುಮಾಸ್ತೆಯ ಕೆಲಸ ಮಾಡುತ್ತಿದ್ದ; ಶುಸ್ಟರನ ಕಣ್ಣುಗಳು ಬಹುಪಾಲು ಮಂಜಾಗಿದ್ದವು. ಸೀಗಲ್ ಪತ್ರಿಕೆಗಳಿಗೆ ಬರೆದು ಗೋಳು ತೋಡಿಕೊಂಡ. ನೀಲ್ ಆಡಮ್ಸ್, ಜೆರಿ ರಾಬಿನ್‌ಸನ್ ಮೊದಲಾದ ಚಿತ್ರಕಾರರು ಬೆಂಬಲಕ್ಕೆ ನಿಂತರು. ಹೊಸ ಚಿತ್ರ ಬರುವ ಹೊತ್ತಿಗೆ ಕೆಟ್ಟ ಹೆಸರು ಬೇಡವೆಂದು ಹಕ್ಕಿನ ಒಡೆಯರಾದ ವಾರ್ನರ್ ಸಂಸ್ಥೆಯವರು ತಲಾ 20,000 ಡಾಲರಿನ ವರ್ಷಾಶನಕ್ಕೂ, ಕರ್ತೃಗಳೆಂದು ಹೆಸರು ಹಾಕುವುದಕ್ಕೂ ಒಪ್ಪಿದರು. ಬ್ರಾಂಡೊನ ಸಂಭಾವನೆಯನ್ನು 130ರಿಂದ ಭಾಗಿಸುವ ಲೆಕ್ಕವನ್ನು ಏಳನೆಯ ತರಗತಿಗೆ ಕೊಟ್ಟೆ. ಭಾಗಲಬ್ಧ ಇಪ್ಪತ್ತೆಂಟು ಸಾವಿರಕ್ಕೆ ಮೇಲೆ. ಕರಿಹಲಗೆಯ ಮೇಲೆ ಬಂದ ಆ ಸಂಖ್ಯೆಯನ್ನು ನೋಡಿ ಹುಡುಗರು ಒಮ್ಮೆ ಸುಮ್ಮನಾದರು.

ಚಿತ್ರ ಲೋಕದಾದ್ಯಂತ ಸುಮಾರು 30 ಕೋಟಿ ಡಾಲರು ಗಳಿಸಿತು. ತನ್ನ ಪಾಲು ಸರಿಯಾಗಿ ಸಿಗಲಿಲ್ಲವೆಂದು ಬ್ರಾಂಡೊ ನಿರ್ಮಾಪಕರ ಮೇಲೆ ದಾವೆ ಹೂಡಿದ. ಎರಡನೆಯ ಭಾಗಕ್ಕಾಗಿ ಚಿತ್ರಿಸಿ ಇಟ್ಟಿದ್ದ ಆತನ ದೃಶ್ಯಗಳನ್ನು ಬಳಸಿದರೆ ಅಲ್ಲಿಯೂ ಪಾಲು ಕೊಡಬೇಕಾದೀತೆಂದು ಸಾಲ್ಕಿಂಡರು ಅವನ್ನು ತೆಗೆದುಹಾಕಿ, ತಂದೆಯ ಮಾತುಗಳನ್ನು ತಾಯಿಯ ಪಾತ್ರದಿಂದ ಹೇಳಿಸಿದರು. ಡಾನರನೊಂದಿಗೂ ಹಣದ ವಿಷಯದಲ್ಲಿ ಕೆಟ್ಟು, ಆತನನ್ನೂ ಬಿಡಿಸಿದರು. ಚಿತ್ರ ಸೇರಿದ ಬೆಲೆಯಿಂದಲೇ ಬ್ರಾಂಡೊ ಚಿತ್ರದಿಂದ ಹೊರಬಿದ್ದ. ರೀವ್ ಮಾತ್ರ ಉಳಿದ. ನಾಲ್ಕು ಚಿತ್ರಗಳಲ್ಲಿ ಆ ಪಾತ್ರ ಆತನದೇ ಆಯಿತು.

ಹಾಗಾದರೆ ತಕ್ಕ ಮುಖವೊಂದಿದ್ದರೆ ಸಾಕು, ಹಣ ಬೇಡವೇ ಎಂದು ಯಾರಾದರೂ ಕೇಳಬಹುದು. ಆ ನಾಲ್ಕನೆಯ ಚಿತ್ರವೇ ಉತ್ತರ. 1987ರಲ್ಲಿ ಕ್ಯಾನನ್ ಎಂಬ ಸಂಸ್ಥೆ ಅದನ್ನು ತೆಗೆಯಿತು. ಅಣ್ವಸ್ತ್ರಗಳನ್ನು ಲೋಕದಿಂದ ತೊಲಗಿಸುವ ಕಥಾವಸ್ತುವಿನಲ್ಲಿ ರೀವನ ಕೈಯೂ ಇತ್ತು, ಸದುದ್ದೇಶ ಧಾರಾಳವಾಗಿತ್ತು. ಆದರೆ ಸಂಸ್ಥೆ ಬೇರೆ ಹತ್ತಾರು ಚಿತ್ರಗಳಲ್ಲಿ ಹಣ ಕಳೆದುಕೊಂಡು, ಮೊದಲು ಹೇಳಿದ್ದರಲ್ಲಿ ಅರ್ಧಕ್ಕೂ ಕಡಮೆಗೆ, 1.7 ಕೋಟಿ ಡಾಲರಿಗೆ ವೆಚ್ಚವನ್ನು ಕತ್ತರಿಸಿತು. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಎದುರಿನ ಬೀದಿಯನ್ನು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಎಂಬ ಪಟ್ಟಣದಲ್ಲಿ ಚಿತ್ರಿಸಿದರು. ಒಂದೇ ಹಾರಾಟದ ತುಣುಕನ್ನು ಮತ್ತೆ ಮತ್ತೆ ತೋರಿಸಿದರು. ಅದೇ ಹೆಗಲು, ಅದೇ ದವಡೆ, ಅದೇ ಮುಗುಳ್ನಗೆ. ಆದರೂ ಯಾರೂ ನಂಬಲಿಲ್ಲ. ಆಕಾಶದಲ್ಲಿ ಹಾರಬೇಕಾದವನಿಗೆ ಆಕಾಶವನ್ನಾದರೂ ಒದಗಿಸಬೇಕಲ್ಲ!

ಮುಂದಿನ ಚಿತ್ರಗಳಲ್ಲಿ ಇದೇ ಕಥೆ ಬೇರೆ ಬೇರೆ ವೇಷಗಳಲ್ಲಿ ನಡೆಯಿತು. 1989ರ 'ಬ್ಯಾಟ್‌ಮ್ಯಾನ್' ಚಿತ್ರಕ್ಕೆ ಹಾಸ್ಯಪಾತ್ರಗಳ ಮೈಕೆಲ್ ಕೀಟನ್ ನಾಯಕನೆಂದಾಗ ಅಭಿಮಾನಿಗಳಿಂದ ಸುಮಾರು 50,000 ಪ್ರತಿಭಟನಾ ಪತ್ರಗಳು ಬಂದುವಂತೆ. ಅಲ್ಲಿಯೂ ಮೊದಲ ಹೆಸರು ನಾಯಕನದಲ್ಲ; ಜೋಕರ್ ಪಾತ್ರದ ಜ್ಯಾಕ್ ನಿಕಲ್‌ಸನ್‌ನದು. ಚಿತ್ರ ನೋಡಿದ ಮೇಲೆ ಪತ್ರ ಬರೆದವರು ತೆಪ್ಪಗಾದರು. 2008ರ 'ಡಾರ್ಕ್ ನೈಟ್' ಚಿತ್ರದಲ್ಲಿ ಅದೇ ಜೋಕರನ ವೇಷಕ್ಕೆ ಹೀತ್ ಲೆಜರ್ ಸಲ್ಲನೆಂದು ಹಳಿದವರು ಅನೇಕರಿದ್ದರು. ಚಿತ್ರ ತೆರೆ ಕಾಣುವ ಮೊದಲೇ ಆತ ತೀರಿಕೊಂಡ. ಮರುವರ್ಷದ ಆಸ್ಕರ್ ಪ್ರಶಸ್ತಿಯನ್ನು ಮನೆಯವರು ಸ್ವೀಕರಿಸಬೇಕಾಯಿತು.

ಮಾರ್ವೆಲ್ ಸಂಸ್ಥೆಯ ವೃತ್ತಾಂತ ನಮ್ಮ ಕೃಷಿಕರಿಗೆ ಸುಲಭವಾಗಿ ಅರ್ಥವಾಗುವಂಥದು. 1996ರಲ್ಲಿ ದಿವಾಳಿಯ ಅರ್ಜಿ ಹಾಕಿದ್ದ ಆ ಚಿತ್ರಪುಸ್ತಕ ಸಂಸ್ಥೆ, ತನ್ನ ಸ್ಪೈಡರ್‌ಮ್ಯಾನ್ ಮೊದಲಾದ ಫಲವತ್ತಾದ ಪಾತ್ರಗಳ ಚಿತ್ರಹಕ್ಕನ್ನು ಅನ್ಯರಿಗೆ ಮಾರಿತ್ತು. 2005ರಲ್ಲಿ, ಉಳಿದ ಹತ್ತು ಪಾತ್ರಗಳನ್ನೇ ಅಡವಿಟ್ಟು, ಸ್ವಂತ ಚಿತ್ರ ತೆಗೆಯಲು 52.5 ಕೋಟಿ ಡಾಲರು ಸಾಲದ ಏರ್ಪಾಟು ಮಾಡಿಕೊಂಡಿತು. ತೋಟ ಅಡವಿಟ್ಟು ಬಾವಿ ತೋಡಿಸಿದಂತೆ. ನೀರು ಬಾರದಿದ್ದರೆ ತೋಟವೇ ಹೋಯಿತು. ಇಂಥ ಸ್ಥಿತಿಯಲ್ಲಿ ಮೊದಲ ಚಿತ್ರ 'ಐರನ್ ಮ್ಯಾನ್'ಗೆ ನಿರ್ದೇಶಕ ಜಾನ್ ಫಾವ್ರೊ ಬೇಕೆಂದು ಹಟ ಹಿಡಿದದ್ದು ಮಾದಕ ವಸ್ತುವಿನ ಚಟದಿಂದ ಸೆರೆಮನೆ ಕಂಡು ಬಂದಿದ್ದ ರಾಬರ್ಟ್ ಡೌನಿ ಕಿರಿಯನನ್ನು. ಒಡೆಯರಿಗೆ ಮನಸ್ಸಿರಲಿಲ್ಲ. ಆದರೂ ಒಪ್ಪಿದರು, ಬಿದ್ದು ಎದ್ದ ಮನುಷ್ಯನ ಕಥೆಗೆ ಬಿದ್ದು ಎದ್ದವನೇ ಒದಗಿದ. 2008ರ ಆ ಚಿತ್ರ 58 ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು. ಮರುವರ್ಷ ಡಿಸ್ನಿ ಸಂಸ್ಥೆ 400 ಕೋಟಿ ಡಾಲರಿಗೆ ಮಾರ್ವೆಲನ್ನೇ ಕೊಂಡಿತು. 2019ರ 'ಎಂಡ್‌ಗೇಮ್' ಚಿತ್ರದಲ್ಲಿ ಡೌನಿಯ ಪಾತ್ರ ಮಡಿಯಿತು. ಆಮೇಲೆ ಬಂದ ಕೆಲವು ಚಿತ್ರಗಳು, ವಿಶೇಷವಾಗಿ 2023ರ 'ದಿ ಮಾರ್ವೆಲ್ಸ್', ನಷ್ಟಕ್ಕೆ ಬಿದ್ದವು. 2024ರ ಜುಲೈಯಲ್ಲಿ ಸಂಸ್ಥೆ ಒಂದು ಪ್ರಕಟಣೆ ಮಾಡಿತು: ಡೌನಿ ಮರಳಿ ಬರುವನು, ಬೇರೊಂದು ಪಾತ್ರದಲ್ಲಿ, ಖಳನಾಗಿ! ಹದಿನಾರು ವರ್ಷಗಳ ಹಿಂದೆ ಹಣದವರು ಅಂಜಿದ ಮುಖವೇ ಈಗ ಹಣದವರ ಅಂಜಿಕೆಗೆ ಮದ್ದು.

ಈ ಅಂಜಿಕೆಯ ಪರಮಾವಧಿಯನ್ನು 2022ರ ಆಗಸ್ಟಿನಲ್ಲಿ ಕಂಡೆವು. ಲೆಸ್ಲಿ ಗ್ರೇಸ್ ಎಂಬ ತರುಣಿ 'ಬ್ಯಾಟ್‌ಗರ್ಲ್' ಆಗಿ ನಟಿಸಿದ ಚಿತ್ರಕ್ಕೆ ವಾರ್ನರ್ ಸಂಸ್ಥೆ 9 ಕೋಟಿ ಡಾಲರಿನಷ್ಟು ಖರ್ಚು ಮಾಡಿತ್ತು. ಚಿತ್ರೀಕರಣ ಮುಗಿದಿತ್ತು, ಸಂಕಲನ ನಡೆಯುತ್ತಿತ್ತು. ಸಂಸ್ಥೆಯ ಆಡಳಿತ ಬದಲಾಯಿತು. ಜಾಹೀರಾತಿಗೆ ಇನ್ನಷ್ಟು ಸುರಿದು ಬಿಡುಗಡೆ ಮಾಡುವುದಕ್ಕಿಂತ ನಷ್ಟವೆಂದು ಬರೆದು ತೆರಿಗೆ ಉಳಿಸುವುದು ಲೇಸೆಂದು ಹೊಸಬರು ಲೆಕ್ಕ ಹಾಕಿ, ಚಿತ್ರವನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದರು. ಆ ಹುಡುಗಿ ಪಾತ್ರಕ್ಕೆ ತಕ್ಕವಳೋ ಅಲ್ಲವೋ ಎಂದು ಜಗಳವಾಡುವ ಅವಕಾಶವೂ ಪ್ರೇಕ್ಷಕನಿಗೆ ದೊರೆಯಲಿಲ್ಲ. ಪ್ರೇಕ್ಷಕನಿಲ್ಲದೆಯೇ ಲಾಭ ನಷ್ಟ ಇತ್ಯರ್ಥವಾಗುವ ಈ ವ್ಯಾಪಾರ ನನಗೆ ಇನ್ನೂ ಜೀರ್ಣವಾಗಿಲ್ಲ.

ನಾವಿರುವ ಕೇರಳದಲ್ಲಿ ಇದಕ್ಕೆ ವ್ಯತಿರಿಕ್ತವಾದ ಎರಡು ಪ್ರಯತ್ನಗಳು ನಡೆದಿವೆ. 2021ರ ಕ್ರಿಸ್‌ಮಸ್ ಹೊತ್ತಿಗೆ ಬಂದ ಬಾಸಿಲ್ ಜೋಸೆಫರ 'ಮಿನ್ನಲ್ ಮುರಳಿ'ಯಲ್ಲಿ ಸಿಡಿಲು ಬಡಿದು ಶಕ್ತಿ ಪಡೆಯುವವನು ಹಳ್ಳಿಯ ದರ್ಜಿ. ಅದೇ ಸಿಡಿಲಿನಿಂದ ಖಳನಾಗುವವನು ಚಹಾದಂಗಡಿಯಲ್ಲಿ ದುಡಿಯುವ, ಊರೆಲ್ಲ ಹಾಸ್ಯ ಮಾಡುವ ಬಡವ. ಆ ಖಳನ ಪಾತ್ರಕ್ಕೆ ತಮಿಳು ರಂಗಭೂಮಿಯಲ್ಲಿ ಪಳಗಿದ ಗುರು ಸೋಮಸುಂದರಂ ಅವರನ್ನು ಆರಿಸಿದರು. ಮೈ ಬೆಳೆಸಿದವರಲ್ಲ, ಎತ್ತರದವರಲ್ಲ. ಪ್ರೀತಿಸಿದವಳಿಗಾಗಿ ಕಾದು ಕಾದು ಹದಗೆಟ್ಟ ಆ ಮುಖ ಚಿತ್ರದ ನಾಯಕನನ್ನೂ ಮರೆಸಿತು.

2025ರ ಓಣಂ ಕಾಲದಲ್ಲಿ ಬಂದ 'ಲೋಕಃ' ಚಿತ್ರದ ಹೆಸರನ್ನು ಕೇಳದವರು ಈ ಸೀಮೆಯಲ್ಲಿ ಇರಲಾರರು. ಕಳ್ಳಿಯಂಕಾಟು ನೀಲಿ ಎಂಬ ಯಕ್ಷಿಯ ಪುರಾತನ ಕಥೆಯನ್ನು ನಿರ್ದೇಶಕ ಡೊಮಿನಿಕ್ ಅರುಣ್ ಇಂದಿನ ಬೆಂಗಳೂರಿಗೆ ತಂದು ನಿಲ್ಲಿಸಿದ್ದಾರೆ. ಮಲಯಾಳದ ಮಹಾನಟರನ್ನು ಬಿಟ್ಟು ಕಲ್ಯಾಣಿ ಪ್ರಿಯದರ್ಶನ್ ಎಂಬ ನಟಿಗೆ ಅತಿಮಾನುಷಿಯ ವೇಷ ಕೊಟ್ಟರು. ವೆಚ್ಚ 30 ಕೋಟಿ ರೂಪಾಯಿಯ ಆಸುಪಾಸು. ಗಳಿಕೆ 300 ಕೋಟಿ ದಾಟಿತೆಂದು ವರದಿಗಳು ಹೇಳಿದವು. ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಒಂದು ಪಾತ್ರ ಆಡುವ ಹಗುರ ಮಾತಿಗೆ ಕನ್ನಡಿಗರು ಆಕ್ಷೇಪವೆತ್ತಿದಾಗ ನಿರ್ಮಾಪಕ ಸಂಸ್ಥೆ ಕ್ಷಮೆ ಕೋರಿ, ಆ ಮಾತನ್ನು ಸರಿಪಡಿಸುವುದಾಗಿ ಹೇಳಿತು. ಎರಡೂ ಭಾಷೆಗಳ ನಡುವೆ ಬಾಳುವ ನಮಗೆ ಅದು ಸಮಾಧಾನ ತಂದ ವಿಷಯ. ಕಪಾಟಿನೊಳಗೆ ಸೇರಿದ ಆ 'ಬ್ಯಾಟ್‌ಗರ್ಲ್'ನ ಹಣವನ್ನು ರೂಪಾಯಿಗೆ ತಿರುಗಿಸಿದರೆ ಇಂಥ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳನ್ನು ತೆಗೆಯಬಹುದಿತ್ತು. 'ಲೋಕಃ'ದ ಎರಡನೆಯ ಅಧ್ಯಾಯವನ್ನು ಈಗಾಗಲೇ ಪ್ರಕಟಿಸಿದ್ದಾರೆ. ಅದರಲ್ಲಿ ಹೆಸರಾಂತ ಟೊವಿನೊ ಥಾಮಸ್ ನಾಯಕರಂತೆ. ಅದಕ್ಕೂ 30 ಕೋಟಿಯೇ ಸಾಕೆಂದು ಅವರು ಹೇಳುವರೇ ಎಂಬುದನ್ನು ನೋಡಬೇಕು.